ಖಾನಾವಳಿ ಅವ್ವನ ಎಡಗೈ

ಅವಳ ಎರಡು ಅಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಬ್ಬಳದೇ ಕೈಗಳು ಅಂತ ಯಾರೂ ನಂಬುತ್ತಿರಲಿಲ್ಲ. ಬಲಗೈ ಜೋಳದ ರೊಟ್ಟಿ ಬಡಿದು ಬಡಿದು ಗಡುಸಾಗಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಸವರಿ ಬೆರಳ ತುದಿಗಳು ಕಪ್ಪಿಟ್ಟಿದ್ದವು. ಒಲೆಯಿಂದ ಕೆಂಡ ಹೊರಗೆ ಜಾರಿದರೆ ಇಕ್ಕಳ ಹುಡುಕದೆ ಆ ಬೆರಳುಗಳಿಂದಲೇ ಒಳಕ್ಕೆ ದಬ್ಬಿಬಿಡುತ್ತಿದ್ದಳು. ನೋಡುತ್ತಿದ್ದ ನಮಗೆ ಚುರ್ ಅನ್ನುತ್ತಿತ್ತು, ಅವಳಿಗೆ ಏನೂ ಇಲ್ಲ. ಎಡಗೈ ಮಾತ್ರ ಮೆತ್ತಗೆ, ತಿಳಿಬಣ್ಣದ್ದು. ಅದರ ಗೆರೆಗಳ ನಡುವೆ ಸದಾ ಒಂದಿಷ್ಟು ವಿಭೂತಿ ಇರುತ್ತಿತ್ತು. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಸ್ನಾನ ಮಾಡಿ, ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತು, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಆ ಎಡ ಅಂಗೈಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ಲಿಂಗ ಮತ್ತೆ ಕರಡಿಗೆಗೆ ಹೋಗಿ, ಕರಡಿಗೆ ಸೆರಗಿನೊಳಗೆ ಸೇರಿದ ಮೇಲೆ ಬಾಯಿ ಬಿಚ್ಚಿದಳೆಂದರೆ ಸಂಜೆಯವರೆಗೆ ಮುಚ್ಚುತ್ತಿರಲಿಲ್ಲ.

ಅವಳ ತವರು ಕುರುಗೋಡು. ಗಂಡ ಗುಂತಕಲ್ಲಿನ ಕಡೆ ಕೆಲಸಕ್ಕೆ ಅಂತ ಹೋದವನು ತಿರುಗಿ ಬರಲಿಲ್ಲ. ಸಣ್ಣ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಳ್ಳಾರಿಗೆ ಬಂದು, ಕಂಟೋನ್ಮೆಂಟಿಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ಖಾನಾವಳಿ ಇಟ್ಟಳು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಮಗಳನ್ನು ಸಿರುಗುಪ್ಪಕ್ಕೆ ಮದುವೆ ಮಾಡಿ ಕೊಟ್ಟಾಗಿತ್ತು. ಉಣ್ಣಲು ಬರುವ ಗುಮಾಸ್ತರು, ಕಾಲೇಜು ಹುಡುಗರು, ಲಾರಿ ಚಾಲಕರು, ಎಲ್ಲರಿಗೂ ಅವಳು ಅವ್ವ.

ನಾನು ಸಿರುಗುಪ್ಪದ ಸಾಬರ ಹುಡುಗ. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಮೆಕ್ಯಾನಿಕ್. ಎಕ್ಸ್‌ರೇ ಕೋರ್ಸು ಮುಗಿಸಿ ಬಳ್ಳಾರಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮೊದಲ ದಿನ ಯಾರೋ ಹೇಳಿದರು ಅಂತ ಅವ್ವನ ಖಾನಾವಳಿಗೆ ಹೋದೆ. ಗೋಡೆ ತುಂಬ ಬಸವಣ್ಣನ ಪಟ, ಉಣ್ಣುವವರ ಹಣೆ ತುಂಬ ವಿಭೂತಿ. ಒಳಗೆ ಹೋಗಲೋ ಬೇಡವೋ ಅಂತ ಹೊರಗಿನ ಕಟ್ಟೆಯ ಮೇಲೆ ಕೂತೆ. ಒಲೆಯ ಮುಂದಿನಿಂದಲೇ ದನಿ ಬಂತು.

"ಲೇ ತಮ್ಮ, ಅಲ್ಲಿ ಕುಂತ್ರ ರೊಟ್ಟಿ ಬರೂತನಾ ಆರಿ ಹಪ್ಪಳ ಆಗ್ತೈತಿ. ಒಳಗ ಬಾ."

"ಅವ್ವ, ನಾವು ಸಾಬರು," ಅಂದೆ.

"ನಾನೇನು ನಿನಗ ಹೆಣ್ಣು ಕೊಡಾಕತ್ತೀನೇನು? ರೊಟ್ಟಿ ಕೊಡಾಕತ್ತೀನಿ. ಬಾ ಒಳಗ."

ಉಣ್ಣುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ನಾಚಿಕೊಂಡು ಒಲೆಯ ಹತ್ತಿರದ ಜಾಗದಲ್ಲಿ ಕೂತೆ. ಮುಂದೆ ಅದೇ ನನ್ನ ಕಾಯಂ ಜಾಗವಾಯಿತು. ನನ್ನ ಕೆಲಸ ಏನು ಅಂತ ಕೇಳಿ ತಿಳಿದುಕೊಂಡ ಮೇಲೆ ನನಗೊಂದು ಹೆಸರೂ ಇಟ್ಟಳು, ಎಲಬಿನ ಮಾಸ್ತರ. "ಎಲಬಿನ ಮಾಸ್ತರ ಬಂದ, ತಾಟು ಹಾಕ್ರಿ" ಅಂತ ಅವಳು ಕೂಗಿದರೆ ಹೊಸಬರು ಬೆಚ್ಚಿ ನನ್ನ ಕಡೆ ನೋಡುತ್ತಿದ್ದರು. ನಾನು ಊರಿಗೆ ಹೋಗುವಾಗಲೆಲ್ಲ ಮಗಳಿಗೆ ಅಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಕೈಗೆ ಬರುತ್ತಿತ್ತು. ಆ ಅಕ್ಕ ತಿರುಗಿ ನನ್ನ ಕೈಗೆ ಸಿರುಗುಪ್ಪದ ಅಕ್ಕಿ ಕೊಡುತ್ತಿದ್ದಳು. ಹೀಗೆ ಹೊತ್ತು ಹೊತ್ತು ನಾನು ಎರಡೂ ಮನೆಯವನಾದೆ. ರಂಜಾನ್ ತಿಂಗಳಲ್ಲಿ ಸಂಜೆ ನಾನು ಬಂದು ಕೂತರೆ, ಅಜಾನ್ ಕೇಳುವವರೆಗೆ ನನ್ನ ಎದುರು ಯಾರೂ ತಾಟು ಮುಟ್ಟಬಾರದು ಅಂತ ಅವಳೇ ಒಂದು ಕಾನೂನು ಮಾಡಿದ್ದಳು. "ಹುಡುಗ ಬೆಳಿಗ್ಗಿಂದ ನೀರು ಮುಟ್ಟಿಲ್ಲ, ನಿಮಗ ಅಷ್ಟೂ ತಡಿಯಾಕ ಆಗಂಗಿಲ್ಲೇನು?" ಅಂತ ಗುಮಾಸ್ತರಿಗೆ ಗದರುವಾಗ ನನಗೇ ಮುಜುಗರವಾಗುತ್ತಿತ್ತು. ಆದರೂ, ನಿಜ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಅದು ಅದಿರಿನ ಕಾಲ. ಹಗಲೆಲ್ಲ ಲಾರಿಗಳು. ಕೆಂಪು ಧೂಳು ಗಿಡದ ಎಲೆ, ಒಣಹಾಕಿದ ಬಟ್ಟೆ, ನಮ್ಮ ಸೆಂಟರಿನ ಬಿಳಿ ನೆಲ, ಯಾವುದನ್ನೂ ಬಿಡುತ್ತಿರಲಿಲ್ಲ. ನಿನ್ನೆ ಮೊನ್ನೆ ಸೈಕಲ್ ತುಳಿಯುತ್ತಿದ್ದವರು ಕೊರಳಿಗೆ ಹಗ್ಗದಂಥ ಚಿನ್ನದ ಸರ ಹಾಕಿಕೊಂಡು ಕಾರಿನಲ್ಲಿ ಓಡಾಡುತ್ತಿದ್ದರು. ಮೇಲೆ ಹೆಲಿಕಾಪ್ಟರ್ ಸದ್ದಾದರೆ ಉಣ್ಣುವವರು ಎಂಜಲು ಕೈಯಲ್ಲೇ ಹೊರಗೆ ಓಡುತ್ತಿದ್ದರು. ಅವ್ವ ಒಲೆ ಬಿಟ್ಟು ಕದಲುತ್ತಿರಲಿಲ್ಲ. "ಮ್ಯಾಲ ಹಾರಾವ ಇಲ್ಲಿ ಉಣ್ಣಾಕ ಬರಂಗಿಲ್ಲ. ಬಂದು ಕುಂದರ್ರಿ, ರೊಟ್ಟಿ ಆರ್ತಾವು" ಅನ್ನುತ್ತಿದ್ದಳು. ಕೈಗೆ ಬಂದ ದುಡ್ಡಿನ ಜೊತೆ ಕುಡಿತವೂ ಬಂದಿತ್ತು. ಕುಡಿದು ಬಂದ ಚಾಲಕರನ್ನು ಅವಳು ಹೊಸ್ತಿಲಲ್ಲೇ ತಡೆಯುತ್ತಿದ್ದಳು. "ಆ ವಾಸನಿ ಹೊರಗ ಬಿಟ್ಟು, ನೀನೊಬ್ಬನ ಒಳಗ ಬಾ." ಆರಡಿ ಆಳುಗಳು ತಲೆ ತಗ್ಗಿಸಿ, ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆದುಕೊಂಡು ಬರುತ್ತಿದ್ದರು.

ಇಂಥವಳಿಗೆ ಲಿವರಿನ ಕಾಯಿಲೆ ಬಂತು ನೋಡಿ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಊಟ ಕಡಿಮೆಯಾಯಿತು. ಆಮೇಲೆ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡು ರೊಟ್ಟಿ ಬಡಿಯತೊಡಗಿದಳು. ಕುಪ್ಪಸ ಸಡಿಲವಾಯಿತು. ನಾನು ಬೆನ್ನು ಹತ್ತಿ, ಬೈಸಿಕೊಂಡು, ಕೊನೆಗೆ ನಮ್ಮ ಸೆಂಟರಿಗೆ ಕರೆದೊಯ್ದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆ. ನಮ್ಮ ಸ್ಕ್ಯಾನ್ ಡಾಕ್ಟರ್ ಒಬ್ಬ ಮೇಡಂ. ವೈಷ್ಣವರ ಮನೆಯವರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವರು ಆ ದಿನ ಪರದೆಯ ಮೇಲೆ ಒಂದೇ ಜಾಗವನ್ನು ತುಂಬ ಹೊತ್ತು ನೋಡಿದರು. ಅವರು ಬೈಯದೆ ಕೂತಾಗಲೇ ಏನೋ ಕೆಟ್ಟದ್ದಿದೆ ಅಂತ ನನಗೆ ಗೊತ್ತಾಯಿತು. ಲಿವರಿನಲ್ಲಿ ಒಂದು ಗಡ್ಡೆ ಇತ್ತು. ರಕ್ತದ ಪರೀಕ್ಷೆಯಲ್ಲೂ ಅದೇ ಬಂತು, ಕ್ಯಾನ್ಸರ್. ಯಾವತ್ತೋ ಬಂದು ಹೋದ ಕಾಮಾಲೆಯ ವಿಷ ಮೈಯಲ್ಲಿ ಸದ್ದಿಲ್ಲದೆ ಉಳಿದುಕೊಂಡು ಹೀಗೆ ಮಾಡಿದೆ ಅಂತ ಡಾಕ್ಟರು ಹೇಳಿದರು.

ಓಣಿಯ ಜನ ಡಾಕ್ಟರ ಮಾತು ಕೇಳುತ್ತಾರೆಯೇ? ಲಿವರ್ ಕೆಡುವುದು ಕುಡುಕರಿಗೆ ಅಂತ ಅವರಿಗೆ ಮೊದಲೇ ಗೊತ್ತು. ಮೂಲೆಯಲ್ಲಿ ನಿಂತು ಗುಸುಗುಸು ಶುರುವಾಯಿತು. ಅದು ಅವ್ವನ ಕಿವಿಗೂ ಬಿತ್ತು. ಬಾಗಿಲಿಗೆ ಬಂದು, ಸೊಂಟಕ್ಕೆ ಸೆರಗು ಸಿಗಿಸಿ, ಇಡೀ ಓಣಿಗೆ ಕೇಳುವಂತೆ ಹೇಳಿದಳು. "ನಾನು ಹುಟ್ಟಿದಾಗಿಂದ ಕುಡದಿದ್ದು ಬರೇ ಮಜ್ಜಿಗಿ ಐತಿ. ಅದರಾಗ ಯಾರಿಗರ ನಶಾ ಆಗಿದ್ರ ಹೇಳ್ರಿ, ನಾಳಿಂದ ನೀರು ಹೆಚ್ಚಿಗಿ ಹಾಕ್ತೀನಿ!"

ಗಡ್ಡೆ ಲಿವರಿನ ಒಂದು ಭಾಗದಲ್ಲಿ ಮಾತ್ರ ಇದ್ದರೆ ಆ ಭಾಗ ಕತ್ತರಿಸಿ ತೆಗೆಯಬಹುದು. ಉಳಿದದ್ದು ಮತ್ತೆ ಬೆಳೆದುಕೊಳ್ಳುತ್ತದೆ. ಆದರೆ ಗಡ್ಡೆಯ ಬೆನ್ನಿಗೇ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಗಡ್ಡೆ ಅದನ್ನು ಹಿಡಿದುಕೊಂಡಿದೆಯೋ, ಬಿಟ್ಟು ನಿಂತಿದೆಯೋ ಎಂಬುದರ ಮೇಲೆ ಎಲ್ಲ ನಿಂತಿದೆ. ಬೆಂಗಳೂರಿನ ಸರ್ಜನ್ ಹೇಳಿದ್ದು ಇಷ್ಟು. ಸಿ.ಟಿ. ಸ್ಕ್ಯಾನ್ ಮಾಡಿಸಿ ತನ್ನಿ, ನಾಳ ಬಿಡುವಾಗಿ ಇದ್ದರೆ ಆಪರೇಷನ್ ಮಾಡುತ್ತೇನೆ, ಇಲ್ಲದಿದ್ದರೆ ಕೈ ಹಾಕುವುದಿಲ್ಲ.

ನಮ್ಮ ಸಿ.ಟಿ. ಯಂತ್ರ ಅದೇ ವಾರ ಕೆಟ್ಟು ಕೂತಿತ್ತು. ಸಿರುಗುಪ್ಪದಿಂದ ಬಂದಿದ್ದ ಅಕ್ಕ ಕಾಯಲಾರದೆ ಅವ್ವನನ್ನು ಹೊಸದಾಗಿ ತೆರೆದಿದ್ದ ಇನ್ನೊಂದು ಕಡೆ ಕರೆದೊಯ್ದು ಸ್ಕ್ಯಾನ್ ಮಾಡಿಸಿಕೊಂಡು ಬಂದಳು. ಆಗ ದಿನಕ್ಕೊಂದು ಸೆಂಟರ್ ತೆರೆಯುತ್ತಿದ್ದ ಕಾಲ, ಎಲ್ಲ ಕಡೆಯೂ ಜಾತ್ರೆಯಂಥ ಜನ. ಫಿಲ್ಮುಗಳನ್ನು ಖಾನಾವಳಿಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ನನಗೆ ತಲೆ ಕೆಟ್ಟುಹೋಯಿತು. ಸರಿಯಾಗಿ ಲಿವರಿನ ಮೇಲೆ, ಎಲ್ಲಿ ಆ ನಾಳ ಕಾಣಬೇಕೋ ಅಲ್ಲೇ, ಬಿಳಿ ಬಿಳಿ ಗೆರೆಗಳು ಅಡ್ಡಾದಿಡ್ಡಿ ಚೆಲ್ಲಿದ್ದವು. ಮೈಮೇಲೆ ಲೋಹ ಇದ್ದರೆ ಹಾಗಾಗುತ್ತದೆ. ಅದು ತನ್ನ ಸುತ್ತಲಿನದನ್ನೆಲ್ಲ ಕೆಡಿಸಿಬಿಡುತ್ತದೆ.

"ಅವ್ವ, ಕರಡಿಗಿ ತಗದಿದ್ದೇನು?" ಅಂದೆ.

"ತಗಿ ಅಂದ್ರು. ತಗದೀನಿ ಅಂದೆ."

"ತಗದಿದ್ದೇನು ಅಂತ ಕೇಳಾಕತ್ತೀನಿ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಇಲ್ಲ. ಬೆನ್ನಿಗೆ ಸರಿಸಿಕೊಂಡು ಅದರ ಮ್ಯಾಲ ಮಲಗಿದ್ನಿ. ಸುಳ್ಳು ಹೇಳೀನಿ. ಏನೀಗ?"

ಎಲಾ ಇವಳ! ನನಗೆ ಪಿತ್ತ ನೆತ್ತಿಗೇರಿತು. ಬೆನ್ನ ಮೇಲಿದ್ದರೂ ಅಷ್ಟೇ, ಎದೆಯ ಮೇಲಿದ್ದರೂ ಅಷ್ಟೇ, ಯಂತ್ರ ಸುತ್ತ ತಿರುಗಿ ನೋಡುತ್ತದೆ ಅಂತ ಕೂಗಾಡಿದೆ. ಜನದ ಗಲಾಟೆಯಲ್ಲಿ ಅಲ್ಲಿನವರೂ ಗಮನ ಕೊಟ್ಟಿರಲಿಲ್ಲ. ಆ ಫಿಲ್ಮು ನೋಡಿದ ಸರ್ಜನ್, ಇದರಲ್ಲಿ ಏನೂ ಹೇಳಲಾಗುವುದಿಲ್ಲ, ಇನ್ನೊಮ್ಮೆ ಮಾಡಿಸಿ, ಬೇಗ ಮಾಡಿಸಿ, ಗಡ್ಡೆ ಬೆಳೆಯುವ ಜಾತಿಯದು ಅಂತ ಫೋನಿನಲ್ಲೇ ಹೇಳಿದರು.

ಅವ್ವ ಒಲ್ಲೆ ಅಂದಳು.

ಒಲ್ಲೆ ಎಂದರೆ ಒಲ್ಲೆ. ಲಿಂಗ ಕಟ್ಟಿಸಿಕೊಂಡ ದಿನದಿಂದ ಅದು ಮೈ ಬಿಟ್ಟು ಹೋಗಿಲ್ಲ. ಮಗಳನ್ನು ಹೆರುವಾಗ ಬಿಟ್ಟಿಲ್ಲ, ಈಗ ಒಂದು ಫೋಟೋಕ್ಕೆ ಬಿಡಬೇಕೆ? ಅಕ್ಕ ಕಾಲು ಹಿಡಿದು ಅತ್ತಳು. ಕುರುಗೋಡಿನಿಂದ ಅವರ ಮನೆತನದ ಗುರುಗಳಾದ ಅಯ್ಯನವರನ್ನು ಕರೆಸಿದೆವು. ಅವರು ಒಳ್ಳೆಯ ಮನುಷ್ಯ. "ಜೀವಕ್ಕಿಂತ ಹೆಚ್ಚೇನವ್ವ? ಸ್ವಲ್ಪ ಹೊತ್ತು ಮಗಳ ಕೈಯಾಗ ಕೊಟ್ಟಿರು, ಏನೂ ಆಗಂಗಿಲ್ಲ" ಅಂದರು. ಅವ್ವ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿ, ಹೊಟ್ಟೆ ತುಂಬ ಊಟ ಹಾಕಿ ಕಳಿಸಿದಳು. ಆಮೇಲೆ ನಮಗೆ ಹೇಳಿದಳು. "ಅವರು ಹೇಳ್ತಾರ, ದೊಡ್ಡವರು. ಬಿಡೂದು ಮಾತ್ರ ನಾನಲ್ಲೇನು?"

ಒಮ್ಮೆ ಮಾತ್ರ ಕಾರಣ ಬಾಯಿ ಬಿಟ್ಟು ಹೇಳಿದಳು. ಊಟದ ಗದ್ದಲ ಮುಗಿದು ಇಬ್ಬರೇ ಇದ್ದೆವು. "ಗಂಡ ಬಿಟ್ಟು ಹೋದ. ಅಣ್ಣತಮ್ಮರು ಬಾಗಲಾ ಮುಚ್ಚಿಕೊಂಡ್ರು. ಆಗ ಕೂಸಿನ ಕರಕೊಂಡು ಕೆರಿ ದಂಡಿಗೆ ಹೋಗಿ ನಿಂತಿದ್ನಿ. ಸೆರಗು ಬಿಗಿ ಮಾಡಿಕೊಳ್ಳಾಕ ಹೋದ್ರ ಇದು ಕೈಗೆ ಹತ್ತಿತು. ನಾ ಸತ್ರ ಇದನ್ನ ಯಾರು ಪೂಜಿ ಮಾಡ್ತಾರ ಅಂತ ತಿರುಗಿ ಬಂದೆ. ನನ್ನ ಬಿಟ್ಟು ಹೋಗಲಾರದ್ದು ಇದೊಂದು ಐತಿ ತಮ್ಮ. ಈಗ ನಾನು ಇದನ್ನ ಬಿಡ್ಲೇನು?"

ದಾರಿ ಕಾಣದಾಗ ನನಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. "ಹಂಗಾದ್ರ ಸಾಯಿ" ಅಂದುಬಿಟ್ಟು ಎದ್ದು ಬಂದೆ. ಮಾರನೆಯ ದಿನದಿಂದ ಊಟಕ್ಕೂ ಹೋಗಲಿಲ್ಲ. ಬೇರೆ ಹೋಟೆಲಿನ ಅನ್ನ ರುಚಿಸುತ್ತಿರಲಿಲ್ಲ, ಆದರೂ ಹಟ ಬಿಡಲಿಲ್ಲ.

ಅವಳೇ ಬಂದಳು. ನಮ್ಮ ಯಂತ್ರ ರಿಪೇರಿಯಾಗಿ ಮತ್ತೆ ಓಡತೊಡಗಿತ್ತು. ನಾನು ಒಬ್ಬ ರೋಗಿಯ ಹೊಟ್ಟೆಯ ಸ್ಕ್ಯಾನ್ ಮಾಡುತ್ತಿದ್ದೆ. ನಾನು ಕೂರುವ ಕೋಣೆಗೂ ಯಂತ್ರದ ಕೋಣೆಗೂ ನಡುವೆ ದಪ್ಪ ಗಾಜು. ತಿರುಗಿ ನೋಡಿದರೆ ಬಾಗಿಲಲ್ಲಿ ಅವ್ವ, ಕೈಯಲ್ಲಿ ಬುತ್ತಿ ಗಂಟು. ಅಷ್ಟು ಸೊರಗಿದ್ದರೂ ಓಣಿಯಿಂದ ನಡೆದೇ ಬಂದಿದ್ದಳು. "ಸಿಟ್ಟು ನನ್ನ ಮ್ಯಾಲ ಇರಲಿ, ರೊಟ್ಟಿ ಮ್ಯಾಲ ಯಾಕ?" ಅಂತ ಗಂಟು ಮೇಜಿನ ಮೇಲಿಟ್ಟಳು. ನಾನು ಯಂತ್ರದ ಕಡೆ ತಿರುಗಿಕೊಂಡೆ. ಅವಳು ಗಾಜಿನಾಚೆ ನೋಡುತ್ತ ನಿಂತಳು.

"ಇದು ಥೇಟ್ ಎದ್ದು ನಿಂತ ಬೀಸೋಕಲ್ಲು ಇದ್ದಂಗ ಐತಿ. ಅಂವ ಯಾಕ ಹಂಗ ಕೈ ಎರಡೂ ತಲಿ ಮ್ಯಾಲ ಚಾಚಿಕೊಂಡು ಮಲಗ್ಯಾನ?"

"ಕೈ ಪಕ್ಕದಾಗ ಇದ್ರ ಹೊಟ್ಟಿ ಫೋಟೋಕ್ಕ ಅಡ್ಡ ಬರ್ತಾವು. ಅದಕ ಮ್ಯಾಲ ಇಡಸ್ತೀವಿ. ನಿನಗೂ ಅಲ್ಲಿ ಇಡಿಸಿರಬೇಕಲ್ಲ."

"ಇಡಿಸಿದ್ರು. ಯಾಕ ಅಂತ ನಾ ಕೇಳಲಿಲ್ಲ." ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು. "ಅಂದ್ರ ಕೈ ಫೋಟೋದಾಗ ಬರಂಗಿಲ್ಲ?"

"ಬರಂಗಿಲ್ಲ. ಕೈ ಆ ಉಂಗುರದ ಆಚಿ ಕಡೆ ಇರ್ತಾವು."

"ಕೈಯಾಗ ಏನರ ಇದ್ರ?"

ಬಟನ್ ಮೇಲಿದ್ದ ನನ್ನ ಬೆರಳು ಅಲ್ಲೇ ನಿಂತಿತು. ಅವಳ ಕಡೆ ತಿರುಗಿದೆ. ಅವಳು ತನ್ನ ಎಡ ಅಂಗೈಯನ್ನು ಬಿಚ್ಚಿ ನೋಡಿಕೊಳ್ಳುತ್ತಿದ್ದಳು. ದಿನಾ ಬೆಳಿಗ್ಗೆ ಲಿಂಗ ಕೂರುವ ಜಾಗ ಅದು. ಅಲ್ಲಿದ್ದರೆ ಅದು ಮೈ ಬಿಟ್ಟು ಹೋದಂತಲ್ಲ. ನಾನು ದಿನವೂ ಎಷ್ಟೋ ಜನರ ಕೈ ಎತ್ತಿ ತಲೆಯ ಮೇಲೆ ಇಡಿಸುತ್ತೇನೆ, ಅವಳ ಪೂಜೆಯನ್ನೂ ಎಷ್ಟೋ ಬೆಳಿಗ್ಗೆ ನೋಡಿದ್ದೇನೆ, ನನ್ನ ಮಂದ ತಲೆಗೆ ಇದು ಹೊಳೆದಿರಲಿಲ್ಲ. ಅಯ್ಯನವರಿಗೆ ಯಂತ್ರ ಗೊತ್ತಿರಲಿಲ್ಲ.

"ಇಷ್ಟು ದಿನ ಬಾಯಾಗ ಏನು ಇಟಗೊಂಡಿದ್ದಿ? ಸಾಯಿ ಅನ್ನಾಕ ಮಾತ್ರ ಬಾಯಿ ಬರ್ತೈತಿ ನಿನಗ" ಅಂತ ನನ್ನ ತಲೆಗೊಂದು ಮೊಟಕಿದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಈಗ ನೆನಪಿಲ್ಲ.

ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಷರತ್ತು ಹಾಕಿದರು. ಬೆಳ್ಳಿ ಕರಡಿಗೆ ಹೊರಗೆ ಮಗಳ ಹತ್ತಿರ ಇರಬೇಕು. ಲಿಂಗ ಮಾತ್ರ ಕೈಯಲ್ಲಿ, ಅದೂ ಪಟ್ಟಿ ಕಟ್ಟಿ, ಜಾರದಂತೆ. ಔಷಧದ ಸೂಜಿ ಬಲಗೈಗೆ. "ಮತ್ತೆ ಅಜ್ಜಿ, ಉಸಿರು ಹಿಡಿ ಅಂದಾಗ ಹಿಡೀಬೇಕು. ಹೊಟ್ಟೆ ಅಲುಗಾಡಿದರೆ ನಾಳ ಕಾಣೋದಿಲ್ಲ. ಅಲುಗಾಡಿದರೆ ನಾನು ಬೈತೀನಿ" ಅಂದರು. ಅವ್ವ ಖುಷಿಯಿಂದ ತಲೆಯಾಡಿಸಿದಳು. ಬೈಯುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ನಂಬಿಕೆ.

ಉಸಿರು ಹಿಡಿಯುವ ಅಭ್ಯಾಸ ಖಾನಾವಳಿಯಲ್ಲೇ ನಡೆಯಿತು. ನಾನು ತಾಟಿನ ಮುಂದೆ ಕೂತು "ಹಿಡಿ" ಅನ್ನುತ್ತಿದ್ದೆ, ಅವಳು ಒಲೆಯ ಮುಂದೆ ಗಲ್ಲ ಉಬ್ಬಿಸಿ ಕೂರುತ್ತಿದ್ದಳು. ಉಣ್ಣುವವರೂ ಉಸಿರು ಹಿಡಿದು ಪಂದ್ಯ ಕಟ್ಟುತ್ತಿದ್ದರು. ಒಬ್ಬ ಲಾರಿ ಚಾಲಕನಂತೂ ಕೆಮ್ಮಿ ಕೆಮ್ಮಿ ಸೋತ.

ಸ್ಕ್ಯಾನಿನ ದಿನ ಅವ್ವ ಉಪವಾಸ ಬಂದಳು. "ಉಪಾಸ ಇರೂದು ನಿನಗೂ ಗೊತ್ತು, ನನಗೂ ಗೊತ್ತು. ಅದೇನು ದೊಡ್ಡ ಮಾತು?" ಅಂದಳು. ಅಕ್ಕ ಬಳೆ, ಓಲೆ, ಕರಡಿಗೆ ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಅವ್ವ ಮೇಜಿನ ಮೇಲೆ ಮಲಗಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬೆರಳು ಮುಚ್ಚಿದಳು. ಅದರ ಮೇಲೆ ಬಿಳಿ ಪಟ್ಟಿ ಸುತ್ತಬೇಕಾದವನು ನಾನು. ಮುಟ್ಟಲೋ ಬೇಡವೋ ಅಂತ ನನ್ನ ಕೈ ಅಲ್ಲೇ ನಿಂತಿತು.

"ಕಟ್ಟೋ ತಮ್ಮ."

ಕಟ್ಟಿದೆ. ಬೆರಳುಗಳ ಮೇಲಿಂದ ತಂದು, ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಗಂಟು ಬಿಗಿದೆ.

"ಬಿಗಿ ಆತೇನವ್ವಾ?"

"ಇಲ್ಲೋ ತಮ್ಮ, ಸರಿ ಐತಿ." ಆಮೇಲೆ ನನ್ನ ಮುಖ ನೋಡಿ ಸಣ್ಣ ದನಿಯಲ್ಲಿ ಹೇಳಿದಳು. "ಒಂದು ವ್ಯಾಳ್ಯಾ ಇದು ಬಿದ್ರ, ನೀನ ಎತ್ತು. ಬ್ಯಾರೇರ್ನ ಕರಿಯಾಕ ಓಡಬ್ಯಾಡ."

ಅಕ್ಕನೂ ಅದನ್ನು ಕೇಳಿಸಿಕೊಂಡಳು. ನಾನು ಹೂಂ ಅಂದೆ.

ಅಕ್ಕನನ್ನು ಹೊರಗೆ ಕಳಿಸಿದ ಮೇಲೆ ಗಾಜಿನ ಈಚೆ ಮೇಡಂ ಮತ್ತು ನಾನು. ಔಷಧ ರಕ್ತದಲ್ಲಿ ಓಡುತ್ತ ಹೋದಂತೆ ಲಿವರಿನ ಚಿತ್ರ ಮತ್ತೆ ಮತ್ತೆ ತೆಗೆಯಬೇಕು. ಮೊದಲು ಗಡ್ಡೆ ಬೆಳಗುತ್ತದೆ, ಆಮೇಲೆ ನಾಳಗಳು ಬೆಳಗುತ್ತವೆ, ಕೊನೆಗೆ ಗಡ್ಡೆ ಮಂಕಾಗುತ್ತದೆ. ಮೈಕಿನಲ್ಲಿ "ಉಸಿರು ಹಿಡಿಯವ್ವ" ಅಂದೆ. ಉಂಗುರದ ಆಚೆ ಅವಳ ಎರಡು ಕೈ ಕಾಣುತ್ತಿದ್ದವು. ಔಷಧ ಮೈಯಲ್ಲಿ ಬಿಸಿ ಬಿಸಿ ಹರಿಯುವಾಗ ಎಂಥೆಂಥ ಗಂಡಸರೂ ಅಲುಗಾಡಿಬಿಡುತ್ತಾರೆ. ಆ ಬಿಳಿ ಪಟ್ಟಿಯ ಮುಷ್ಟಿ ಮಿಸುಕಲಿಲ್ಲ. ಕೊನೆಯ ಚಿತ್ರದ ಹೊತ್ತಿಗೆ ಮಾತ್ರ ಅದು ನಡುಗತೊಡಗಿತು. ಚಿತ್ರ ಮುಗಿದರೂ ನಾನು ಮುಷ್ಟಿಯನ್ನೇ ನೋಡುತ್ತ ಕೂತುಬಿಟ್ಟಿದ್ದೆ. ಮೇಡಂ ನನ್ನ ಭುಜಕ್ಕೆ ಬಡಿದು, "ಉಸಿರು ಬಿಡೋಕೆ ಹೇಳಯ್ಯಾ!" ಅಂತ ಕಿರುಚಿದಾಗ ಎಚ್ಚರವಾಯಿತು.

"ಒಲಿ ಮುಂದ ಕುಂತಂಗ ಆತು, ಅಷ್ಟ. ಆದ್ರ ನೀ ಬಿಡು ಅನ್ನೂದು ಮರತಿದ್ರ ನಾ ಹಂಗ ಹೋಗಿಬಿಡ್ತಿದ್ನಿ ನೋಡು" ಅಂತ ಅವ್ವ ಎದ್ದು ಕೂತು ಬೈದಳು. ಪಟ್ಟಿ ಬಿಚ್ಚಿದೆ. ಅಂಗೈಯಲ್ಲಿ ಲಿಂಗ ಇಟ್ಟಲ್ಲೇ ಇತ್ತು.

ಮೇಡಂ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಹೋದರು. ಗೆರೆಗಳಿಲ್ಲ, ಮಸುಕಿಲ್ಲ. ಗಡ್ಡೆ ಇತ್ತು. ಅದರ ಬೆನ್ನಿಗೆ ನಾಳ ಇತ್ತು. ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ಜಾಗ ಇತ್ತು. "ಮುಟ್ಟಿಲ್ಲ" ಅಂದರು ಮೇಡಂ. ಅಷ್ಟೇ ಅಂದರು. ಆಮೇಲೆ ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಅದಿರಿನ ಲಾರಿಗಳ ಧೂಳಿನಲ್ಲಿ ನಿಂತು ಮನಸಾರೆ ಅತ್ತೆ. ಯಾರಾದರೂ ಕೇಳಿದರೆ ಕಣ್ಣಿಗೆ ಧೂಳು ಬಿದ್ದಿದೆ ಅಂತ ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅಲ್ಲಿನ ಡಾಕ್ಟರರಿಗೆ ಅಕ್ಕ ಎಲ್ಲ ಹೇಳಿ ಒಪ್ಪಿಸಿದ್ದಳು, ಅವರೂ ಎಡಗೈಯಲ್ಲಿ ಹಾಗೇ ಪಟ್ಟಿ ಕಟ್ಟಿದರಂತೆ. ತಿರುಗಿ ಬಂದ ಅವ್ವ ಆಸ್ಪತ್ರೆಯ ಬಗ್ಗೆ ನನಗೆ ಮೊದಲು ಹೇಳಿದ್ದೇ ಅದು. "ಎಲ್ಲಾ ಚಲೋ ಮಾಡಿದ್ರು. ಪಟ್ಟಿ ಮಾತ್ರ ನಿನ್ನಂಗ ಕಟ್ಟಾಕ ಬರಲಿಲ್ಲ ಅವರಿಗೆ. ಬಿಗಿ ಆಗಿತ್ತು."

ಆಮೇಲೆ ಅವಳು ಬದುಕಿದಳು, ಚೆನ್ನಾಗಿಯೇ ಬದುಕಿದಳು. ಆಗಾಗ ಸ್ಕ್ಯಾನಿಗೆ ಬರುತ್ತಿದ್ದಳು. ಕರಡಿಗೆ ಮಗಳ ಕೈಗೆ, ಲಿಂಗ ಅಂಗೈಗೆ, ಪಟ್ಟಿ ನನ್ನ ಕೈಯಿಂದ. ನಾನು ಬಿಗಿ ಆತೇನವ್ವಾ ಅಂತ ಕೇಳಬೇಕು, ಅವಳು ಸರಿ ಐತಿ ಅನ್ನಬೇಕು. ನಡುವೆ ನನ್ನ ಮದುವೆಯಾಯಿತು. ಅವ್ವ ಸಿರುಗುಪ್ಪಕ್ಕೆ ಬಂದು ನಮ್ಮ ಅಮ್ಮಿಯ ಪಕ್ಕದಲ್ಲಿ ಇಡೀ ದಿನ ಕೂತು, ತನ್ನ ಬುತ್ತಿಯ ರೊಟ್ಟಿ ಬಿಚ್ಚಿದಳು, ಇಬ್ಬರೂ ತಿಂದರು. "ನಿನ್ನ ಗಂಡಗ ಸಿಟ್ಟು ಬಂದಾಗ ಊಟ ಬಿಡ್ತಾನ. ನೀ ಬುತ್ತಿ ಕಟಗೊಂಡು ಹಿಂದಿಂದ ಹೋಗಬ್ಯಾಡ, ನನಗ ಸುದ್ದಿ ಮುಟ್ಟಿಸು" ಅಂತ ನನ್ನ ಹೆಂಡತಿಗೆ ಹೇಳಿ ಹೋದಳು. ಅದಿರಿನ ಕಾಲ ಮುಗಿಯಿತು. ಲಾರಿಗಳು ನಿಂತವು, ಧೂಳು ಇಳಿಯಿತು, ದಪ್ಪ ಸರದವರು ಕಾಣೆಯಾದರು. ಖಾನಾವಳಿಗೆ ಬರುವವರು ಕಡಿಮೆಯಾದರೂ ಅವ್ವ ಒಲೆ ಆರಿಸಲಿಲ್ಲ.

ಹೀಗೇ ಒಂದು ಸ್ಕ್ಯಾನಿನಲ್ಲಿ ಅದು ಮತ್ತೆ ಕಂಡಿತು. ಈ ಸಲ ಒಂದು ಕಡೆ ಅಲ್ಲ, ಅಲ್ಲಲ್ಲಿ. ಪರದೆಯ ಮೇಲೆ ಮೊದಲು ನೋಡಿದವನು ನಾನೇ. ಮುಖ ತೊಳೆದುಕೊಂಡು, ನಗು ತಂದುಕೊಂಡು ಒಳಗೆ ಹೋಗಿ ಪಟ್ಟಿ ಬಿಚ್ಚತೊಡಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಂದೈತೇನು?"

ನಾನು ಗಂಟು ಬಿಚ್ಚುತ್ತಲೇ ಇದ್ದೆ.

"ಇರ್ಲಿ ಬಿಡು. ಅದರ ಕಣ್ಣು ತಪ್ಪಿಸಿ ಇಷ್ಟು ದಿನ ಓಡಾಡಿದ್ನಲ್ಲ. ನಿನ್ನ ಮದುವಿ ನೋಡಿದೆ. ನಿನ್ನ ಮಗಳಿಗೆ ರೊಟ್ಟಿ ತಿನಿಸಿದೆ. ಇನ್ನ ಕತ್ತರಿ ಬ್ಯಾಡ." ಲಿಂಗವನ್ನು ಬಲಗೈಗೆ ತೆಗೆದುಕೊಂಡು, ಪಟ್ಟಿ ಬಿಚ್ಚಿದ ಕೈಯಿಂದ ನನ್ನ ಗಲ್ಲ ಸವರಿದಳು. ಎಡಗೈಯಿಂದ. ಆ ಕೈ ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಹತ್ತಿಯಂತೆ ಇತ್ತು.

ತೀರಿಕೊಂಡದ್ದು ಕುರುಗೋಡಿನಲ್ಲಿ. ಬಾಗಿಲು ಮುಚ್ಚಿಕೊಂಡಿದ್ದ ಅಣ್ಣತಮ್ಮಂದಿರ ಮಕ್ಕಳೇ ಕೊನೆಗೆ ಅತ್ತೆಯನ್ನು ಕರೆದೊಯ್ದು ಜೋಪಾನ ಮಾಡಿದ್ದರು. ಸುದ್ದಿ ಬಂದ ಕೂಡಲೇ ಬಸ್ಸು ಹತ್ತಿದೆ. ಹೊರಡುವಾಗ ಸೆಂಟರಿನಿಂದ ಒಂದು ಪಟ್ಟಿಯ ಸುರುಳಿ ಜೇಬಿಗೆ ಹಾಕಿಕೊಂಡೆ. ಯಾಕೆ ಅಂತ ಕೇಳಿದರೆ ಹೇಳಲಾರೆ, ಕೈ ತಾನೇ ತೆಗೆದುಕೊಂಡಿತು. ನಾನು ಹೋಗುವ ಹೊತ್ತಿಗೆ ಅವಳಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಬಾ ಅಂತ ಕೂಗುವ ದನಿ ಇರಲಿಲ್ಲ.

ಅವರಲ್ಲಿ ಮಣ್ಣಿಗೆ ಇಡುವಾಗ ಲಿಂಗ ಎಡ ಅಂಗೈಯಲ್ಲಿ ಇರಬೇಕು. ಅಂದು ಬಂದಿದ್ದ ಅಯ್ಯನವರೇ ಅದನ್ನು ಅವಳ ಕೈಯಲ್ಲಿಟ್ಟರು. ಬೆರಳುಗಳು ಸೆಟೆದಿದ್ದವು, ಮುಚ್ಚಲಿಲ್ಲ. ಎತ್ತಲು ನಾಲ್ಕು ಜನ ಕೈ ಹಾಕಿದಾಗ ಲಿಂಗ ಜಾರಿ ಅವಳ ಮಡಿಲಿಗೆ ಬಿತ್ತು. ಸುತ್ತ ನಿಂತವರೆಲ್ಲ ಹಾ ಅಂದರು. ಅಯ್ಯನವರು ಬಗ್ಗಿದರು.

"ಅಯ್ಯಾರ, ಸ್ವಲ್ಪ ತಡೀರಿ" ಅಂದಳು ಅಕ್ಕ. ಬಾಗಿಲಿನಾಚೆ ನನ್ನ ಕಡೆ ತಿರುಗಿದಳು. "ತಮ್ಮ, ಬಾ ಒಳಗ. ಬಿದ್ರ ನೀನ ಎತ್ತು ಅಂತ ಅವ್ವ ಹೇಳಿದ್ಲು."

ಹಿರಿಯರು ಮುಖ ಮುಖ ನೋಡಿಕೊಂಡರು. ಅಯ್ಯನವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾನು ಒಳಗೆ ಹೋಗಿ ಅವಳ ಮುಂದೆ ಮೊಣಕಾಲೂರಿ ಕೂತೆ. ಮಡಿಲಿನಿಂದ ಎರಡೂ ಕೈಯಲ್ಲಿ ಎತ್ತಿದೆ. ಅಷ್ಟು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ಅಂಗೈಯಲ್ಲಿಟ್ಟು, ಸೆಟೆದ ಬೆರಳುಗಳನ್ನು ಬಾಗಿದಷ್ಟು ಮೆಲ್ಲಗೆ ಮಡಿಸಿ, ಜೇಬಿನ ಪಟ್ಟಿ ತೆಗೆದು ಸುತ್ತಿದೆ. ಬೆರಳ ಮೇಲಿಂದ ತಂದು, ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಗಂಟು ಕಟ್ಟಿದೆ. ಬಾಯಿ ತನ್ನ ರೂಢಿಯಂತೆ ಕೇಳಿಯೇಬಿಟ್ಟಿತು.

"ಬಿಗಿ ಆತೇನವ್ವಾ?"

ನಾನು ತಲೆ ಎತ್ತಲಿಲ್ಲ. ಹಿಂದಿನಿಂದ ಅಕ್ಕ ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಇಲ್ಲೋ ತಮ್ಮ," ಅಂದಳು. "ಸರಿ ಐತಿ."